ಕಾಗೆ ಕುಳಿತ ಮನೆ

ಯಲಬುರ್ಗಾ ಸೀಮೆಯ ಎರೆಹೊಲಗಳ ನಡುವಿನ ನಮ್ಮ ಊರಿನಲ್ಲಿ ನನ್ನ ಬಾಲ್ಯಕಾಲಕ್ಕೆ ಮುಸಲ್ಮಾನರ ಮನೆಗಳು ಇದ್ದದ್ದು ಎರಡೇ ಎರಡು. ಆದರೂ ಮೊಹರಮ್ಮಿನ ಕತ್ತಲರಾತ್ರಿ ಬಂದಿತೆಂದರೆ ಲಿಂಗಾಯತರ ಓಣಿ, ಕುರುಬರ ಓಣಿ, ತಳವಾರರ ಓಣಿ, ಮಾದರ ಕೇರಿ ಎಂಬ ಭೇದವಿಲ್ಲದೆ ಜನವೆಲ್ಲ ಮನೆಬಿಟ್ಟು ಹೊರಟು, ಮಸೀದಿಯ ಮುಂದಿನ ಅಲಾಯಿ ಕುಣಿಯ ಸುತ್ತ ನೆರೆದು, ಲಾಡಿ ಹಾಕಿಕೊಂಡ ಹುಡುಗರು ಹೆಜ್ಜೆ ಹಾಕುತ್ತಿರಲು, ಕರ್ಬಲದಲ್ಲಿ ಗುಟುಕು ನೀರಿಲ್ಲದೆ ಮಡಿದ ಹುಸೇನನ ಕಥೆಯನ್ನು ಅಚ್ಚ ಕನ್ನಡದ ರಿವಾಯತ ಪದಗಳಲ್ಲಿ ಬೆಳ್ಳಿ ಮೂಡುವವರೆಗೆ ಹಾಡುತ್ತಿದ್ದರು. ಹಾಡಿನ ಬೆನ್ನೆಲುಬು ಹಲಗಿ. ಇಬ್ಬನಿಗೆ ಅದರ ತೊಗಲು ಆಗಾಗ ಸಡಿಲಾಗುತ್ತಿತ್ತು. ಆಗ ಹಲಗಿಯವನು ಮೇಳವನ್ನು ನಿಲ್ಲಿಸಿ, “ಸಡ್ಲ ಬಿದ್ದೈತ್ರೀ, ಒಂಚೂರು ಕಾಸ್ಕೊಂಡು ಬರ್ತೀನಿ” ಎಂದು ಕುಣಿಯ ಬೆಂಕಿಯ ಕಡೆಗೆ ನಡೆದು, ಹಲಗಿಯನ್ನು ಮಗುವಿನ ಮೈ ಕಾಯಿಸುವಂತೆ ಅತ್ತಿತ್ತ ಹೊರಳಿಸಿ, ಬೆರಳಿನಿಂದ ಒಮ್ಮೆ ತಟ್ಟಿ ನೋಡಿ, ಮತ್ತೆ ತಟ್ಟಿ, ಮೂರನೆಯ ಸಲ ತಟ್ಟಿದಾಗ ಹೊರಟ ಆ ಕಂಚಿನಂತಹ ದನಿಯನ್ನು ಕೇಳಿ ತೃಪ್ತನಾಗಿ ಹಿಂದಿರುಗುತ್ತಿದ್ದನು. ಊರೆಲ್ಲ ಅವನಿಗಾಗಿ ಕಾಯುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಒಂದು ಹುಣ್ಣಿಮೆಯ ದಿವಸ ತುಂಗಭದ್ರೆಯ ದಂಡೆಯ ಹುಲಿಗಿಗೆ ಹೋಗಿದ್ದೆ. ಹುಲಿಗೆಮ್ಮನ ಗುಡಿಯ ಆಚೆ ಬೇವಿನ ನೆರಳಿನಲ್ಲಿ ನಾಲ್ವರು ಜೋಗಮ್ಮಂದಿರು, ಹಣೆಯ ತುಂಬ ಭಂಡಾರ ಬಳಿದುಕೊಂಡು, ಚೌಡಿಕೆ ಹಿಡಿದು ತಾಯಿಯ ಪದ ಹಾಡುತ್ತಿದ್ದರು. ಕೇಳುತ್ತ ಕೇಳುತ್ತ ನನ್ನ ಕಾಲು ತನಗೆ ತಾನೇ ಹೆಜ್ಜೆಯ ಲೆಕ್ಕ ಹಿಡಿದದ್ದನ್ನು ಕಂಡು ಬೆರಗಾದೆ. ಏಕೆಂದರೆ ಅದು ನಮ್ಮೂರಿನ ಕತ್ತಲರಾತ್ರಿಯ ಧಾಟಿಯೇ ಆಗಿತ್ತು. ಪದ ಮುಗಿದ ಮೇಲೆ ಹಿರಿಯಳನ್ನು ಕೇಳಿದೆ: “ಯವ್ವಾ, ಇದು ಅಲಾಯಿ ಪದದ ಧಾಟಿ ಅಲ್ಲೇನು?” ಆಕೆ ಎಲೆಯಡಿಕೆಯನ್ನು ದವಡೆಗೆ ಸರಿಸಿ, “ಧಾಟಿ ಊರಾಂದು, ಯಪ್ಪಾ. ಪದ ತಾಯೀದು” ಎಂದು ಹೇಳಿ, ಚೌಡಿಕೆಯ ತಂತಿಯನ್ನು ಬಿಗಿ ಮಾಡುವ ತನ್ನ ಕೆಲಸಕ್ಕೆ ತೊಡಗಿದಳು.

ಆಕೆಗೆ ಅಷ್ಟರಲ್ಲೇ ಮುಗಿದುಹೋದ ಮಾತು ನನಗೆ ಇಂದಿಗೂ ಮುಗಿದಿಲ್ಲ. ರಾಗಕ್ಕೆ ಕುಲವುಂಟೆ? ಒಂದು ಧ್ವನಿಯನ್ನು ಇಂಥ ಜನರದು, ಇಂಥ ಮತದವರದು, ಇಂಥ ಬಣ್ಣದವರದು ಎಂದು ನಾವು ಹೆಸರಿಟ್ಟು ಕರೆಯುವಾಗ ಆ ಹೆಸರು ಧ್ವನಿಯ ಒಳಗಿನ ಧರ್ಮವನ್ನು ಹೇಳುತ್ತದೆಯೋ, ಅಥವಾ ಅದರ ಹೊರಗಿನ ಒಂದು ಗುರುತನ್ನು ಮಾತ್ರ ತೋರಿಸುತ್ತದೆಯೋ? ಇದು ಸಂಗೀತಗಾರರು ಮಾತ್ರ ಚರ್ಚಿಸಿ ಬಿಡಬಹುದಾದ ಪ್ರಶ್ನೆಯಲ್ಲ. ನಾಮಕ್ಕೂ ವಸ್ತುವಿಗೂ ಇರುವ ಸಂಬಂಧವೇನೆಂಬುದು ನಮ್ಮ ದರ್ಶನಕಾರರು ಶತಮಾನಗಳ ಕಾಲ ತಲೆಕೆಡಿಸಿಕೊಂಡ ವಿಷಯ. ಮನುಷ್ಯನನ್ನು ಅವನ ಕುಲದ ಹೆಸರಿನಿಂದ ಅಳೆಯಬಹುದೇ ಎಂಬುದು ನಮ್ಮ ಶರಣರು ಪ್ರಾಣವನ್ನೇ ಪಣಕ್ಕಿಟ್ಟು ಕೇಳಿದ ವಿಷಯ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಈ ನಾಡಿನಲ್ಲಿ ಈ ಪ್ರಶ್ನೆಗೆ ಹೆಜ್ಜೆಹೆಜ್ಜೆಗೂ ಉದಾಹರಣೆಗಳಿವೆ. ಇಲ್ಲಿ ಕಲೆಯ ಹೆಸರೂ ಕುಲದ ಹೆಸರೂ ಒಂದೇ ಆಗಿರುವುದು ರೂಢಿ. ಗೊಂದಲಿಗ ಎಂದರೆ ಅಂಬಾಭವಾನಿಯ ಗೊಂದಲ ಹಾಕುವ ಮೇಳ; ಅದೇ ಒಂದು ಜನಾಂಗ. ಭಜಂತ್ರಿ ಎಂದರೆ ಮದುವೆಯ ಹಂದರದಲ್ಲಿ ಊದುವ ಸನಾದಿ, ಬಾರಿಸುವ ಡೋಲುಗಳ ವಾದ್ಯಸಮೂಹ. ಅದೇ ಕೊರಮ ಸಮುದಾಯದವರ ಅಡ್ಡಹೆಸರು. ಜಂಗಮ ಎಂಬ ಮಾತಂತೂ, ಚಲಿಸುವುದು, ಜಡವಲ್ಲದ್ದು, ಎಂಬ ಮಹತ್ತಾದ ತತ್ತ್ವಾರ್ಥವನ್ನು ಶರಣರಿಂದ ಪಡೆದ ಮೇಲೂ ಕೊನೆಗೆ ಜಾತಿಯ ಪಟ್ಟಿಯಲ್ಲಿ ಕುಳಿತು ಸ್ಥಾವರವಾಯಿತು.

ಇವೆಲ್ಲಕ್ಕಿಂತ ವಿಚಾರಯೋಗ್ಯವಾದದ್ದು ತೊಗಲುಗೊಂಬೆಯವರ ಕಥೆ. ರಾಮಾಯಣದ ಆಟ ಆರಂಭವಾಗುವ ಮುನ್ನ ಬಿಳಿಯ ಪರದೆಯ ಮೇಲೆ ಮೊದಲು ಬಂದು, ನೆರೆದವರನ್ನು ನಗಿಸಿ, ದೊಡ್ಡವರ ದೊಡ್ಡಸ್ತಿಕೆಯನ್ನು ಕೆದಕಿ ಹೋಗುವ ವಿದೂಷಕ ಕಿಳ್ಳೇಕ್ಯಾತ. ಅವನ ಜೊತೆಯವಳು ಬಂಗಾರಕ್ಕ. ಈ ಗೊಂಬೆಯ ಹೆಸರೇ ಗೊಂಬೆಯಾಡಿಸುವ ಜನರ ಹೆಸರು. ಕಿಳ್ಳೇಕ್ಯಾತರು, ಸಿಳ್ಳೇಕ್ಯಾತರು ಎಂದು ಸರಕಾರದ ಕಾಗದಗಳಲ್ಲಿಯೂ ಅದೇ ಇದೆ. ಮನೆಯೊಳಗೆ ಇವರು ಆಡುವ ಮಾತು ಮರಾಠಿಯ ಒಂದು ಪ್ರಭೇದ. ಪರದೆಯ ಹಿಂದೆ ದೀಪ ಹೊತ್ತಿತೆಂದರೆ ಬಾಯಿಂದ ಹೊರಡುವುದು ಕನ್ನಡ. ಹೀಗಿರಲು ಆ ಹಾಡನ್ನು ಯಾರ ಹಾಡೆಂದು ಕರೆಯೋಣ? ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, ತೊಂಬತ್ತನ್ನು ಮೀರಿದ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ ನೋಡಬೇಕು: ಅದರಲ್ಲಿ ಮೊದಲು ಅವರು ಇದ್ದಾರೆ, ಆಮೇಲೆ ದೊಡ್ಡಬಾಳಪ್ಪನವರಿದ್ದಾರೆ, ಕೊನೆಗೆ ಗೊಂಬೆಯ ಹೆಸರನ್ನು ಹೊತ್ತ ಕುಲವಿದೆ. ಆದರೆ ನಾವು ಆಟ ನೋಡಿ ಮನೆಗೆ ಬಂದವರು ಹೇಳುತ್ತಿದ್ದದ್ದು “ಕಿಳ್ಳೇಕ್ಯಾತರ ಆಟ ನೋಡಿದೆವು” ಎಂದು. ಹೆಸರಿನ ಮೊದಲ ಅರ್ಧವನ್ನು ಬಿಟ್ಟು ಕೊನೆಯ ತುಣುಕನ್ನು ಮಾತ್ರ ಹಿಡಿದು ಬಂದಿರುತ್ತಿದ್ದೆವು.

ವೇದಾಂತಿಗಳು ಲಕ್ಷಣವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ವಸ್ತುವಿನ ಸ್ವಭಾವದಲ್ಲಿಯೇ ಬೆರೆತು, ಅದಿರುವವರೆಗೂ ಅದನ್ನು ಬಿಡದೆ ಇರುವುದು ಸ್ವರೂಪಲಕ್ಷಣ. ವಸ್ತುವಿನ ಹೊರಗಿದ್ದು, ಕೆಲವು ಕಾಲ ಮಾತ್ರ ಇದ್ದು, ಅದನ್ನು ಗುರುತಿಸುವುದಕ್ಕೆ ಸಹಾಯಮಾಡಿ ಹೊರಟುಹೋಗುವುದು ತಟಸ್ಥಲಕ್ಷಣ. ಎರಡನೆಯದಕ್ಕೆ ಅವರು ಕೊಡುವ ದೃಷ್ಟಾಂತ ಬಹಳ ಸರಳವಾದದ್ದು. ದೇವದತ್ತನ ಮನೆ ಯಾವುದೆಂದು ದಾರಿಹೋಕನು ಕೇಳಿದರೆ, ಅಗೋ ಕಾಗೆ ಕುಳಿತಿದೆಯಲ್ಲ, ಅದೇ ಎಂದು ತೋರಿಸುತ್ತಾರೆ. ಮಾತು ಸುಳ್ಳಲ್ಲ, ದಾರಿಹೋಕನಿಗೆ ಮನೆ ಸಿಗುತ್ತದೆ. ಆದರೆ ಕಾಗೆ ಮನೆಯ ಅಂಗವಲ್ಲ; ಅದು ಹಾರಿಹೋದ ಮೇಲೆ ಮನೆ ಬಿದ್ದುಹೋಗುವುದಿಲ್ಲ; ನಾಳೆ ಅದೇ ಕಾಗೆ ಪಕ್ಕದ ಮನೆಯ ಮೇಲೆ ಕುಳಿತರೆ ದೇವದತ್ತ ಅಲ್ಲಿಗೆ ಬಿಡಾರ ಬದಲಿಸುವುದೂ ಇಲ್ಲ. ಸಂಗೀತದ ಮೇಲೆ ಕುಳಿತಿರುವ ಕುಲನಾಮವೂ ಇಂಥ ಕಾಗೆಯೇ ಎಂಬುದು ನನ್ನ ಮೊದಲನೆಯ ಮಾತು.

ಇದಕ್ಕೆ ಸಾಕ್ಷಿ ಬೇಕೆಂದರೆ ಗಂಗಾವತಿಯಿಂದ ಆನೆಗೊಂದಿಯ ದಾರಿ ಹಿಡಿಯಬಹುದು. ಆ ದಾರಿಯ ಬಂಡೆಗಳ ನಡುವೆ ಪಂಪಾಸರೋವರವಿದೆ; ಶಬರಿ ರಾಮನಿಗಾಗಿ ಕಾದದ್ದು ಇಲ್ಲಿ ಎಂದು ಜನ ನಂಬುತ್ತಾರೆ. ಹೊಳೆಯಾಚೆ ಹಂಪೆಯಲ್ಲಿ ಅವಳ ಗುರುವಿನ ಹೆಸರಿನ ಮತಂಗಪರ್ವತವಿದೆ. ದೇಶೀ ಸಂಗೀತಕ್ಕೆ ಶಾಸ್ತ್ರವನ್ನು ಕಟ್ಟಿಕೊಟ್ಟ ಬೃಹದ್ದೇಶಿಯ ಕರ್ತೃವಿನ ಹೆಸರೂ ಮತಂಗ. ಗ್ರಂಥಕಾರನೂ ಋಷಿಯೂ ಒಬ್ಬನೇ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಮತಂಗ ಎಂಬ ಹೆಸರನ್ನು ತಮ್ಮ ಮೂಲಪುರುಷನದೆಂದು ಹೇಳಿಕೊಳ್ಳುವವರು ನಮ್ಮೂರಿನಲ್ಲಿ ಹಲಗಿ ಬಾರಿಸುತ್ತಿದ್ದ ಜನ ಎಂಬುದನ್ನು ಮರೆತು ಆ ಗ್ರಂಥವನ್ನು ಓದುವುದು ನನ್ನಿಂದಾಗದು. ಹೆಂಗಸರು, ಮಕ್ಕಳು, ದನಗಾಹಿಗಳು, ಅರಸರು ತಮ್ಮ ತಮ್ಮ ಸೀಮೆಯಲ್ಲಿ ತಮ್ಮ ಇಚ್ಛೆಯಿಂದ ಪ್ರೀತಿಪಟ್ಟು ಹಾಡುವುದು ದೇಶೀ ಎಂಬ ಅಭಿಪ್ರಾಯ ಅದರಲ್ಲಿದೆ. ದನಗಾಹಿಯನ್ನೂ ಅರಸನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಧೈರ್ಯ ನಮ್ಮ ಧರ್ಮಶಾಸ್ತ್ರಗಳಿಗೆ ಇರಲಿಲ್ಲ; ಸಂಗೀತಶಾಸ್ತ್ರಕ್ಕೆ ಇತ್ತು.

ಮತಂಗನಿಂದ ಹದಿಮೂರನೆಯ ಶತಮಾನದ ಶಾರ್ಙ್ಗದೇವನವರೆಗಿನ ಗ್ರಂಥಗಳಲ್ಲಿ ರಾಗಗಳ ಹೆಸರುಗಳನ್ನು ಓದುತ್ತ ಹೋದರೆ ಒಂದು ದೊಡ್ಡ ಸಂತೆಯಲ್ಲಿ ನಡೆದಂತಾಗುತ್ತದೆ. ಆಭೀರರ ಹೆಸರಿನ ಆಭೀರಿ, ಗುರ್ಜರರ ಗುರ್ಜರಿ, ಸಿಂಧೂದೇಶದ ಸೈಂಧವಿ, ಪುಲಿಂದರ ಪುಲಿಂದಿ, ತುರುಕರ ಹೆಸರು ಹೊತ್ತ ತುರುಷ್ಕತೋಡಿ: ಒಂದೊಂದು ಹೆಸರೂ ಒಂದೊಂದು ಜನದ ಗುರುತು. ಇಂದಿನ ಸಾವೇರಿಯ ಹೆಸರು ಶಬರರಿಂದ ಬಂದದ್ದೆಂದೂ, ಯದುಕುಲಕಾಂಬೋಜಿ ಮೊದಲು ಕಣಿಹೇಳುವ ಎರುಕಲರ ಕಾಂಬೋಜಿಯಾಗಿತ್ತೆಂದೂ ಬಲ್ಲವರು ಹೇಳುತ್ತಾರೆ. ಹೊಳೆಯಾಚೆ ಮಂಟಪದಲ್ಲಿ ಕುಳಿತು ಹಾಡಿದರೆಂದು ನಾವು ನಂಬುವ ಪುರಂದರದಾಸರು ಎಳೆಯರ ಅಭ್ಯಾಸಕ್ಕೆಂದು ಆರಿಸಿಕೊಟ್ಟ ರಾಗ ಮಾಯಾಮಾಳವಗೌಳ ಎಂಬುದು ಸಂಪ್ರದಾಯದ ಮಾತು. ಅದರ ಹೆಸರಿನಲ್ಲಿ ನರ್ಮದೆಯಾಚೆಯ ಮಾಳವವಿದೆ, ಗಂಗೆಯ ಕೆಳದಂಡೆಯ ಗೌಡದೇಶವಿದೆ, ಕರ್ಣಾಟಕವಿಲ್ಲ. ಕರ್ನಾಟಕ ಸಂಗೀತ ಕಲಿಯುವ ಮಗುವಿನ ಬಾಯಿಗೆ ಮೊದಲು ಬರುವ ರಾಗವೇ ಪರದೇಶದ ಎರಡು ಕಾಗೆಗಳನ್ನು ಹೊತ್ತು ಬಂದಿದೆ, ಮತ್ತು ಆ ಮಗುವಿಗೆ ಅದರಿಂದ ಯಾವ ತೊಂದರೆಯೂ ಆಗಿಲ್ಲ.

ಇನ್ನೂ ಒಂದು ವಿನೋದವನ್ನು ನೋಡಬೇಕು. ಅಚ್ಚ ಕನ್ನಡದ ನಾಡು ಯಾವುದೆಂದು ಹೇಳುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣನಗರ, ಅಂದರೆ ನಮ್ಮ ಕೊಪ್ಪಳ, ಒಂದು. ಆ ತಿರುಳುಗನ್ನಡದ ನಾಡಿನಲ್ಲಿ ಇಂದು ಶಾಸ್ತ್ರೀಯವಾಗಿ ಹಾಡುವವರಲ್ಲಿ ಹೆಚ್ಚಿನವರು ಹಾಡುವುದು ಕರ್ನಾಟಕ ಸಂಗೀತವನ್ನಲ್ಲ, ಹಿಂದೂಸ್ತಾನಿಯನ್ನು. ನಮ್ಮ ಕಡೆಯ ಬಡಮಕ್ಕಳಿಗೂ ಅಂಧಮಕ್ಕಳಿಗೂ ಕಲಿಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಎರಡು ಪದ್ಧತಿಗಳಲ್ಲಿಯೂ ಸಮರ್ಥರಾಗಿದ್ದು ಉಭಯಗಾಯನವಿಶಾರದರೆನಿಸಿಕೊಂಡರು. ಬೀಳಗಿಯ ಅಮೀರಬಾಯಿ ತನ್ನ ಹೆಸರಿಗೆ ‘ಕರ್ನಾಟಕಿ’ ಎಂದು ಸೇರಿಸಿಕೊಂಡು ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಚಿತ್ರದ ಹಿಂದಿ ಹಾಡುಗಳಿಂದ ಭಾರತವನ್ನೆಲ್ಲ ಗೆದ್ದಳು. ಕಾಗೆ ಒಂದು ಕಡೆ, ಮನೆ ಇನ್ನೊಂದು ಕಡೆ!

ಇಲ್ಲಿಗೆ ನಿಲ್ಲಿಸಿದರೆ ವಿಚಾರ ಸುಖವಾಗಿ ಮುಗಿಯುತ್ತದೆ: ನಾದಕ್ಕೆ ಕುಲವಿಲ್ಲ, ಹೆಸರೆಲ್ಲ ಉಪಾಧಿ, ಎಲ್ಲವೂ ಎಲ್ಲರದು. ಆದರೆ ಹೀಗೆ ಸುಖವಾಗಿ ಮುಗಿಯುವ ವೇದಾಂತದ ಮೇಲೆ ನನಗೆ ಸ್ವಲ್ಪ ಅನುಮಾನವುಂಟು. ದೃಷ್ಟಾಂತದಲ್ಲಿ ಕಾಗೆ ಮತ್ತು ಮನೆಯಲ್ಲದೆ ಮೂರನೆಯವನೊಬ್ಬನಿದ್ದಾನೆ. ಅವನು ದೇವದತ್ತ.

ಅವನನ್ನು ಮರೆತರೆ ಏನಾಗುತ್ತದೆಂಬುದನ್ನು ಅಮೆರಿಕಾ ದೇಶದ ಒಂದು ಸಂಗತಿ ನಿಚ್ಚಳವಾಗಿ ತೋರಿಸುತ್ತದೆ. ಅಲ್ಲಿ 1920ರಲ್ಲಿ ಮೇಮಿ ಸ್ಮಿತ್ ಎಂಬ ಕರಿಯ ಗಾಯಕಿಯ ತಟ್ಟೆಯೊಂದು ಅಪಾರವಾಗಿ ಮಾರಾಟವಾದುದನ್ನು ಕಂಡ ಗ್ರಾಮೋಫೋನ್ ವ್ಯಾಪಾರಿಗಳು, ಕರಿಯರು ಹಾಡಿ ಕರಿಯರು ಕೊಳ್ಳುವ ತಟ್ಟೆಗಳಿಗೆ ‘ರೇಸ್ ರೆಕಾರ್ಡ್ಸ್’, ಅಂದರೆ ಜನಾಂಗದ ತಟ್ಟೆಗಳು, ಎಂದು ಬೇರೆಯೇ ಹೆಸರಿಟ್ಟು ಬೇರೆಯೇ ಪಟ್ಟಿ ಮಾಡಿದರು. ಗುಡ್ಡಗಾಡಿನ ಬಡ ಬಿಳಿಯರ ಹಾಡುಗಳಿಗೆ ‘ಹಿಲ್‌ಬಿಲ್ಲಿ’ ಎಂದು ಇನ್ನೊಂದು ಪಟ್ಟಿ. ಹಾಡುಗಳು ಮಾತ್ರ ಈ ಬೇಲಿಯನ್ನು ಲೆಕ್ಕಿಸದೆ ಅತ್ತಿಂದಿತ್ತ ಮೇಯುತ್ತಿದ್ದವು. ‘ಬಿಲ್‌ಬೋರ್ಡ್’ ಪತ್ರಿಕೆ 1949ರಲ್ಲಿ ತನ್ನ ‘ರೇಸ್ ರೆಕಾರ್ಡ್ಸ್’ ಪಟ್ಟಿಯ ಶಿರೋನಾಮೆಯನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಬದಲಿಸಿತು. 1954ರ ಜುಲೈ ತಿಂಗಳಲ್ಲಿ ಮೆಂಫಿಸ್ ನಗರದಲ್ಲಿ ಎಲ್ವಿಸ್ ಪ್ರೆಸ್ಲಿ ಎಂಬ ಹತ್ತೊಂಬತ್ತು ವರ್ಷದ ಬಿಳಿಯ ಹುಡುಗ, ಆರ್ಥರ್ ಕ್ರುಡಪ್ ಎಂಬ ಕರಿಯ ಗಾಯಕನ ಹಾಡೊಂದನ್ನು ಹಾಡಿದ. ಅದು ರೇಡಿಯೋದಲ್ಲಿ ಬಂದಾಗ ಕೇಳುಗರಿಗೆ ಹಾಡಿದವನ ಬಣ್ಣ ತಿಳಿಯಲಿಲ್ಲ. ನಿರೂಪಕನು ಜಾಣತನದಿಂದ, ನೀನು ಓದಿದ ಶಾಲೆ ಯಾವುದು ಎಂದು ಅವನನ್ನು ಕೇಳಿದನು. ಶಾಲೆಗಳು ಬಣ್ಣದ ಮೇಲೆ ಹಂಚಿಹೋಗಿದ್ದ ಆ ಊರಿನಲ್ಲಿ ಶಾಲೆಯ ಹೆಸರೇ ಕುಲದ ಹೆಸರಾಗಿತ್ತು. ಹೊಸಬರನ್ನು ಕಂಡಾಗ ‘ಯಾವ ಓಣಿಯವರು’ ಎಂದು ನಾವು ಕೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮರುವರ್ಷ ಚಕ್ ಬೆರಿ ಎಂಬ ಕರಿಯ ಯುವಕ ಬಿಳಿಯರ ಹಳ್ಳಿಯ ಪಿಟೀಲಿನ ಹಾಡೊಂದನ್ನು ಆಧಾರವಾಗಿಟ್ಟುಕೊಂಡು ‘ಮೇಬಲೀನ್’ ಎಂಬ ಹಾಡು ಕಟ್ಟಿದ. ಅದು ಎರಡು ಕಡೆಯ ಹುಡುಗರನ್ನೂ ಕುಣಿಸಿತು. 1958ರಲ್ಲಿ ರಿಚಿ ವ್ಯಾಲೆನ್ಸ್ ಎಂಬ ಹುಡುಗ ಮೆಕ್ಸಿಕೋ ದೇಶದ ವೆರಾಕ್ರೂಜ್ ಸೀಮೆಯ ಜನಪದ ಹಾಡಾದ ‘ಲಾ ಬಾಂಬಾ’ವನ್ನು ಗಿಟಾರಿನ ಅಬ್ಬರಕ್ಕೆ ಅಳವಡಿಸಿ ಹಾಡಿದ; ಅವನ ನಿಜವಾದ ಅಡ್ಡಹೆಸರು ವ್ಯಾಲೆನ್ಜುವೇಲ. ಮೆಕ್ಸಿಕೋದ ವಾಸನೆ ಬಡಿದರೆ ತಟ್ಟೆ ಮಾರಾಟವಾಗದೆಂದು ಹೆಸರಿನ ಬಾಲವನ್ನು ಕತ್ತರಿಸಿದ್ದರು. ರಾಕ್ ಅಂಡ್ ರೋಲ್ ಎಂಬ ಆ ಸಂಗೀತದಲ್ಲಿ ಕರಿಯರದು ಎಷ್ಟು, ಬಿಳಿಯರದು ಎಷ್ಟು, ಮೆಕ್ಸಿಕೋದವರದು ಎಷ್ಟು ಎಂದು ಅಳೆಯಹೊರಟರೆ ತಕ್ಕಡಿ ಮುರಿಯುತ್ತದೆ. ಅಲ್ಲಿಯವರೆಗೆ ಜೋಗಮ್ಮನ ಮಾತು ಅಲ್ಲಿಗೂ ಸಲ್ಲುತ್ತದೆ: ಧಾಟಿ ಊರದು.

ಆದರೆ ಹಣ ಊರದಾಗಲಿಲ್ಲ. ತನ್ನ ಹಾಡಿನಿಂದ ಇನ್ನೊಬ್ಬನು ರಾಜನಾದುದನ್ನು ಕಂಡ ಕ್ರುಡಪ್, ತನಗೆ ಬರಬೇಕಾದ ಗೌರವಧನವನ್ನು ಕೇಳಿ ಕೇಳಿ ಪಡೆಯಲಾರದೆ, 1974ರಲ್ಲಿ ಬಡವನಾಗಿಯೇ ತೀರಿಕೊಂಡ. ‘ಮೇಬಲೀನ್’ ಹಾಡಿನ ಮೇಲೆ ಚಕ್ ಬೆರಿಯ ಹೆಸರಿನ ಪಕ್ಕದಲ್ಲಿ, ಅದನ್ನು ರೇಡಿಯೋದಲ್ಲಿ ಮೆರೆಸಿದ ಆಲನ್ ಫ್ರೀಡ್ ಎಂಬಾತನ ಹೆಸರೂ ಕರ್ತೃವೆಂದು ಅಚ್ಚಾಗಿತ್ತು. ಅದು ಅಳಿಯುವುದಕ್ಕೆ ಮೂವತ್ತು ವರ್ಷ ಬೇಕಾಯಿತು. ವ್ಯಾಪಾರಿಗಳು ಮೊದಲು ಮಾಡಿದ್ದು ಕಾಗೆಯನ್ನು ಮನೆಯೆಂದು ಸಾರಿದ್ದು. ಆಮೇಲೆ ಮಾಡಿದ್ದು ಕಾಗೆಯನ್ನು ಓಡಿಸಿ, ಮನೆಗೆ ಬೇಲಿಯಿಲ್ಲ, ಯಾರು ಬೇಕಾದರೂ ಇರಬಹುದು ಎಂದು ಸಾರಿದ್ದು. ಎರಡು ಸಲವೂ ಬೀದಿಯಲ್ಲಿ ನಿಂತವನು ಮನೆ ಕಟ್ಟಿದ ದೇವದತ್ತ. ಬೇಲಿ ಹಾಕುವುದು ಹೇಗೆ ಅನ್ಯಾಯವೋ, ಬೇಲಿ ಕಿತ್ತ ನೆಪದಲ್ಲಿ ಒಡೆಯನನ್ನೂ ಕಿತ್ತೊಗೆಯುವುದು ಹಾಗೆಯೇ ಅನ್ಯಾಯ. ಮತ್ತು ಎರಡನೆಯದು ಅದ್ವೈತದ ಮಾತಿನಲ್ಲಿ ನಡೆಯುವುದರಿಂದ ಹೆಚ್ಚು ಅಪಾಯಕರ.

ದೂರದ ದೇಶದವರ ತಪ್ಪನ್ನು ಎಣಿಸುವುದು ಸುಲಭ. ನಮ್ಮ ಹಲಗಿಯನ್ನು ನೋಡೋಣ. ದೇವರ ಪಲ್ಲಕ್ಕಿಯ ಮುಂದೆ ಅದು ಬೇಕು, ಅಲಾಯಿ ಪಂಜಾದ ಮುಂದೆ ಬೇಕು, ಡಂಗುರಕ್ಕೆ ಬೇಕು, ಹೆಣದ ಮುಂದೆಯೂ ಬೇಕು. ಅದೇ ತೊಗಲು, ಅದೇ ಎರಡು ಕೋಲು, ಸಂದರ್ಭಕ್ಕೆ ತಕ್ಕಂತೆ ಮಂಗಲ ಅಥವಾ ಅಮಂಗಲ. ಧ್ವನಿಯನ್ನು ಗುಡಿಯ ಗರ್ಭದವರೆಗೆ ಬಿಟ್ಟುಕೊಂಡ ನಾವು ಬಾರಿಸುವವನನ್ನು ಕಟ್ಟೆಯ ಕೆಳಗೇ ನಿಲ್ಲಿಸಿದೆವು. ಜೋಗತಿಯ ಪದ ನಮಗೆ ಪವಿತ್ರ. ಆಕೆಯನ್ನು ದೇವರಿಗೆ ಬಿಡುವ ಪದ್ಧತಿಯನ್ನು ಕಾಯಿದೆಯಿಂದ ನಿಷೇಧಿಸಲು 1982ರವರೆಗೆ ಕಾಯಬೇಕಾಯಿತು. ಹಲಗಿ ಹಿಡಿದರೆ ಕುಲದ ಹೆಸರು ಬೆನ್ನು ಬಿಡದೆಂದು ಕೆಲವು ತರುಣರು ಅದನ್ನು ಮುಟ್ಟಲೊಲ್ಲರು. ಅವರನ್ನು ಸಂಸ್ಕೃತಿಯ ಹೆಸರಿನಲ್ಲಿ ಒತ್ತಾಯಿಸುವ ಅಧಿಕಾರ ನಮಗಿಲ್ಲ.

ಇನ್ನು ಸುಶಿಕ್ಷಿತರಾದ ನಾವು ಕಂಡುಕೊಂಡ ಉಪಾಯವೊಂದುಂಟು. ಕುಲದ ಹೆಸರು ಹೇಳುವುದು ಸಭ್ಯವಲ್ಲವೆಂದು ಈ ಎಲ್ಲ ಹಾಡುಗಳಿಗೂ ‘ಜಾನಪದ’ ಎಂಬ ಒಂದೇ ಹೆಸರಿಟ್ಟೆವು. ಒಳ್ಳೆಯ ಮನಸ್ಸಿನಿಂದಲೇ ಇಟ್ಟೆವು. ಆ ಹೆಸರಿನಲ್ಲಿ ಸಂಗ್ರಹಗಳಾದವು, ಅಕಾಡೆಮಿ ಬಂದಿತು, ವಿಶ್ವವಿದ್ಯಾಲಯವೂ ಬಂದಿತು. ಆದರೆ ಜಾನಪದವೆಂದ ಕೂಡಲೇ ಕರ್ತೃ ಅಜ್ಞಾತನೆಂದು ಭಾವಿಸುವ ಚಾಳಿಯೂ ಬಂದಿತು. ಧ್ವನಿಸುರುಳಿಯ ಮೇಲೆ ‘ಜನಪದ ಗೀತೆ’ ಎಂದು ಅಚ್ಚಾಗಿ, ಸಂಗೀತ ನೀಡಿದವನ ಹೆಸರು, ಹಾಡಿದವನ ಹೆಸರು, ಮಾರಿದವನ ಹೆಸರು ದಪ್ಪಕ್ಷರದಲ್ಲಿ ಕಾಣುತ್ತವೆ. ಆ ಪದವನ್ನು ಹುಲಿಗಿಯ ಬೇವಿನ ಬುಡದಲ್ಲಿ ಹೇಳಿಕೊಟ್ಟವಳು ಮಾತ್ರ ಜನಪದವಾಗಿಬಿಡುತ್ತಾಳೆ. ಕಿಳ್ಳೇಕ್ಯಾತ ಎಂಬ ಹೆಸರು ಆಕೆಯಂಥವರನ್ನು ಕುಲದೊಳಗೆ ಮುಳುಗಿಸಿತು. ಜನಪದ ಎಂಬ ಹೆಸರು ಸಮುದ್ರದೊಳಗೆ ಮುಳುಗಿಸಿತು.

ಇವನು ಯಾರವನು ಎಂದು ಕೇಳಬಾರದೆಂಬುದು ಶರಣರಿಂದ ನಾವು ಕಲಿತ ಪಾಠ. ಅದನ್ನು ನಾನು ಶಿರಸಾ ವಹಿಸುತ್ತೇನೆ. ಆದರೆ ಯಾರವನು ಎಂದು ಕೇಳದಿರುವುದು ಬೇರೆ, ಯಾರು ಎಂದು ಕೇಳದಿರುವುದು ಬೇರೆ. ಮೊದಲನೆಯ ಪ್ರಶ್ನೆ ಕುಲವನ್ನು ಹುಡುಕುತ್ತದೆ. ಎರಡನೆಯದು ವ್ಯಕ್ತಿಯನ್ನು ಹುಡುಕುತ್ತದೆ. ಶರಣರು ತಮ್ಮ ಒಡನಾಡಿಗಳ ಕಾಯಕದ ಗುರುತನ್ನು ಅಳಿಸಲಿಲ್ಲ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂದು ಕಾಯಕದ ಪಕ್ಕದಲ್ಲಿಯೇ ಮನುಷ್ಯನ ಹೆಸರನ್ನು ಇಟ್ಟು, ಎರಡನ್ನೂ ಸೇರಿಸಿ ಕೈಮುಗಿದರು. ಅಲ್ಲಿ ಕುಲನಾಮ ಬೇಲಿಯಾಗದೆ ಋಣಪತ್ರವಾಯಿತು. ಸಂಗೀತದಲ್ಲಿ ನಾವು ಅನುಸರಿಸಬೇಕಾದ ಮಾರ್ಗವೂ ಇದೇ ಎಂದು ನನ್ನ ನಂಬಿಕೆ. ರಾಗವನ್ನು ಯಾರು ಬೇಕಾದರೂ ಹಾಡಲಿ. ಯಾರಿಂದ ಬಂದಿತೆಂಬುದನ್ನು ಹೇಳಿ ಹಾಡಲಿ. ಹೇಳುವಾಗ ಕುಲದಲ್ಲಿ ನಿಲ್ಲದೆ ಹೆಸರಿನವರೆಗೆ ಹೋಗಲಿ.

ಓದುಗರು ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಹೋದರೆ, ಮೊಹರಮ್ಮಿನ ರಾತ್ರಿ ಕುಷ್ಟಗಿ, ಯಲಬುರ್ಗಾ ಕಡೆಯ ಯಾವುದಾದರೂ ಊರಿನಲ್ಲಿ ನಿಂತರೆ, ಪದ ಕೇಳಿ ತಲೆದೂಗಿದ ಮೇಲೆ ಹಾಡಿದವರ ಹೆಸರನ್ನೂ ಕೇಳಬೇಕೆಂದು ನನ್ನ ಬಿನ್ನಹ. ಚೌಡಿಕೆಯ ಆ ಹಿರಿಯಳ ಹೆಸರನ್ನು ನಾನು ಕೇಳದೆ ಬಂದೆ. ನಮ್ಮೂರಿನ ಹಲಗಿಯವನನ್ನು ಹತ್ತು ವರ್ಷ ಕೇಳಿದೆ, ಅವನ ಹಲಗಿ ಕಾಯುವುದನ್ನು ಬೆಂಕಿಯ ಬದಿಯಲ್ಲಿ ನಿಂತು ಎಷ್ಟೋ ಸಲ ನೋಡಿದೆ. ನಮ್ಮ ಮನೆಯಲ್ಲಿ ಅವನನ್ನು ಕೇರಿಯ ಹೆಸರಿನಿಂದಲೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವನ ಹೆಸರು ನನಗೆ ತಿಳಿಯದು.